ಒಂದೇ ಸಲ ಸಾಕಾಗುವಾಗ ಹತ್ತು ದಿನ ಯಾಕೆ?

ಮಾನ್ಯರೇ,

ಕ್ಯಾನ್ಸರ್ ಮೂಳೆಗೆ ಹರಡಿದಾಗ ನೋವು ತಗ್ಗಿಸಲು ರೇಡಿಯೇಷನ್ ಕೊಡುತ್ತಾರೆ. ಮೂಳೆ ಮುರಿಯದೆ, ಬೆನ್ನುಹುರಿ ಒತ್ತಿಕೊಳ್ಳದೆ ಇದ್ದರೆ 8 ಗ್ರೇ (ರೇಡಿಯೇಷನ್ ಪ್ರಮಾಣ ಅಳೆಯುವ ಮಾನ) ಒಂದೇ ಸಲ ಕೊಟ್ಟರೂ, 30 ಗ್ರೇ 10 ದಿನ ಹಂಚಿ ಕೊಟ್ಟರೂ ನೋವು ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಒಂದೇ ಸಲ ಪಡೆದವರಲ್ಲಿ ಕೆಲವರಿಗೆ ಮುಂದೆ ಮತ್ತೊಮ್ಮೆ ಬೇಕಾಗಬಹುದು, ಅಷ್ಟೇ. ಹಾಗಿರುವಾಗ ಎದ್ದು ಕೂರಲೂ ಆಗದವರನ್ನು ರಾಯಚೂರು, ಬೀದರ್ ಕಡೆಯಿಂದ ಬೆಂಗಳೂರಿಗೆ ಕರೆತಂದು, ಬಾಡಿಗೆ ರೂಮಿನಲ್ಲಿಟ್ಟು ದಿನಾ ಆಸ್ಪತ್ರೆಗೆ ಅಲೆಸುವುದು ಸರಿಯಲ್ಲ, ಅಲ್ವಾ?

ರೇಡಿಯೇಷನ್ನಿನ ಗುಣ ಕಾಣಲು ಎರಡು-ಮೂರು ವಾರ ಬೇಕಾಗಬಹುದು. ಶುರುವಿನಲ್ಲಿ ಕೆಲವರಿಗೆ ನೋವು ಜಾಸ್ತಿಯೂ ಆಗುತ್ತದೆ. ಉಳಿದಿರುವುದೇ ಕೆಲವು ದಿನ ಎಂದಾದರೆ ನೋವು ತಗ್ಗಿಸುವ ಔಷಧಿ ಮಾರ್ಫಿನ್ ಮತ್ತು ಮನೆಯ ಆರೈಕೆಯೇ ಮೇಲು. ವೈದ್ಯರು ಇದನ್ನೆಲ್ಲ ಮೊದಲೇ ಬಿಡಿಸಿ ಹೇಳಬೇಕು. ‘ಒಂದೇ ಸಲದಲ್ಲಿ ಮುಗಿಸಬಹುದಾ ಡಾಕ್ಟ್ರೇ?’ ಎಂದು ಮನೆಯವರೂ ಧೈರ್ಯವಾಗಿ ಕೇಳಬೇಕು.