ಭಾನುವಾರದ ಓದುಕೂಟ: ಈ ಸಲ ಎರಡು ಕಾದಂಬರಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4.30ಕ್ಕೆ ಉಡುಪಿಯ ಅಜ್ಜರಕಾಡು ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ನಮ್ಮ ಮನೆ ಚಾವಡಿ.

ಚರ್ಚೆಗೆ ಕಾರಂತರ ‘ಚೋಮನ ದುಡಿ’ (1933), ತ್ರಿವೇಣಿಯವರ ‘ಶರಪಂಜರ’. ಒಂದು ಗಂಭೀರ, ಇನ್ನೊಂದು ಜನಪ್ರಿಯ ಅಂತ ಮೊದಲೇ ಗೆರೆ ಎಳೆಯಬೇಡಿ. ‘ಶರಪಂಜರ’ದ ಕಾವೇರಿ ಗುಣವಾಗಿ ಮನೆಗೆ ಬಂದ ಮೇಲೂ ಎಲ್ಲರೂ ಅವಳನ್ನು ಹುಚ್ಚಿ ಅಂತಲೇ ನೋಡುತ್ತಾರಲ್ಲ, ಅದು ನನಗೆ ಚೋಮನ ಬೇಸಾಯದ ಆಸೆಯಷ್ಟೇ ಕಾಡಿತು. ಸಿನಿಮಾ ಮಾತ್ರ ನೋಡಿದವರು ಪುಸ್ತಕವನ್ನೂ ಸ್ವಲ್ಪ ತಿರುವಿ ಹಾಕಿ.

ಪೂರ್ತಿ ಓದದಿದ್ದರೂ ಬನ್ನಿ. ಇಷ್ಟವಾದ ಅಥವಾ ಸಿಟ್ಟು ಬಂದ ಒಂದು ಪುಟ ಗುರುತು ಹಾಕಿಕೊಳ್ಳಿ. ಸುಮ್ನೆ ‘ಚೆನ್ನಾಗಿದೆ’ ಅಂದರೆ ಸಾಲದು! ಲೈಬ್ರರಿ ಪ್ರತಿ ಇರುವವರು ಓದಿದ ಕೂಡಲೇ ಇನ್ನೊಬ್ಬರಿಗೆ ದಾಟಿಸಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ. ಗೋಳಿಬಜೆ ಎಷ್ಟು ತರಿಸಬೇಕು ಅಂತ ಗೊತ್ತಾಗಬೇಕು, ಅಲ್ವಾ?