ಪ್ರಶ್ನೆ ಕಳಿಸು, ಕಾಪಿ ಬೇಡ

ನೋಡಮ್ಮಾ, ನಿನ್ನ ಮೆಸೇಜ್ ಓದಿದೆ. ಕೆರೆ ಒತ್ತುವರಿ ಬಗ್ಗೆ ಬರೆದಿದ್ದೀಯ, ಇಲಾಖೆಯ ಅಧಿಕಾರಿ 'ಹಾಕೋ ಮುಂಚೆ ಒಂದ್ಸಲ ತೋರಿಸಿ, ತಪ್ಪಿದ್ರೆ ತಿದ್ದಿಕೊಡ್ತೀನಿ' ಅಂದಿದ್ದಾರೆ, ವರದಿಯ ಕಾಪಿ ಕಳಿಸಲಾ ಸರ್ ಅಂತ ಕೇಳಿದ್ದೀಯ. ಬೇಡ.

ನಾನು ಒಮ್ಮೆ ಕಳಿಸಿದ್ದೆ. ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ. ಇದೇ ಊರು, ರಾಜಕಾಲುವೆಯದೇ ಸುದ್ದಿ. ಆ ಅಧಿಕಾರಿ ಕಾಫಿ ತರಿಸಿಕೊಟ್ಟು ನಗುನಗುತ್ತಲೇ ಕೇಳಿದರು, ನಾನು ಸಂಕೋಚಕ್ಕೆ ಬಿದ್ದು ಸಂಜೆ ಫ್ಯಾಕ್ಸ್ ಮಾಡಿಬಿಟ್ಟೆ. ವಾಪಸ್ ಬಂದ ಪ್ರತಿಯಲ್ಲಿ ಒಂದು ಕಾಗುಣಿತವನ್ನೂ ತಿದ್ದಿರಲಿಲ್ಲ, ಆದರೆ ಬಿಲ್ಡರ್ ಹೆಸರಿದ್ದ ಪ್ಯಾರಾಕ್ಕೆ ಅಡ್ಡಗೆರೆ ಎಳೆದಿದ್ದರು. ಅಷ್ಟರಲ್ಲಿ ನಮ್ಮ ಸಂಪಾದಕರಿಗೂ ಯಾರದೋ ಫೋನ್ ಬಂದಿತ್ತು. ಪ್ಯಾರಾ ಹೋಯಿತು. ಯಾರೂ ಬಲವಂತ ಮಾಡಿರಲಿಲ್ಲ ನೋಡು, ಕತ್ತರಿ ಕೈಗೆ ಕೊಟ್ಟವನು ನಾನೇ.

ಅಚ್ಚಿಗೆ ಮುಂಚೆ ತೋರಿಸಲೇಬೇಕು ಅನ್ನುವ ಅಧಿಕಾರ ಅವರಿಗೆ ಇರಲಿಲ್ಲ ಅಂತ ತಿಳಿದದ್ದು ಆಮೇಲೆ. ಸಂವಿಧಾನದಲ್ಲಿ 'ಪತ್ರಿಕಾ ಸ್ವಾತಂತ್ರ್ಯ' ಅನ್ನುವ ಮಾತು ಹುಡುಕಿದರೆ ಸಿಗಲ್ಲ. 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಕೊಟ್ಟ ಮಾತಿನ ಹಕ್ಕೇ ನಮ್ಮದೂ. ಅದಕ್ಕೆ ಮಿತಿ ಹಾಕುವ 19(2) ಇದೆ: ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಮಾನಹಾನಿ, ನ್ಯಾಯಾಂಗ ನಿಂದನೆ, ಹೀಗೆ ಒಂದಷ್ಟು. ಇಲಾಖೆಗೆ ಮುಜುಗರ ಆಗುತ್ತೆ ಅನ್ನುವುದು ಅದರಲ್ಲಿಲ್ಲ. ಮತ್ತೆ ಆ ಮಿತಿಯನ್ನೂ ಕಾನೂನು ಮಾಡಿಯೇ ಹಾಕಬೇಕು, ಫೋನ್ ಮಾಡಿ ಅಲ್ಲ.

1950ರಲ್ಲೇ ದೆಹಲಿಯ ಒಂದು ವಾರಪತ್ರಿಕೆಗೆ, ಕೋಮು ವಿಚಾರ ಮತ್ತು ಪಾಕಿಸ್ತಾನದ ಸುದ್ದಿ ಇದ್ದರೆ ಮೊದಲು ನಮಗೆ ತೋರಿಸಿ ಅಂತ ಸರ್ಕಾರ ಆದೇಶ ಮಾಡಿತ್ತು, ಬ್ರಿಜ್ ಭೂಷಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಹಾಗಂತ ಬಾಗಿಲು ಪೂರ್ತಿ ಮುಚ್ಚಿತು ಅಂದುಕೊಳ್ಳಬೇಡ. ಮರುವರ್ಷವೇ ತಿದ್ದುಪಡಿ ತಂದು 19(2)ನ್ನು ಹಿಗ್ಗಿಸಿದರು. 1975ರ ತುರ್ತು ಪರಿಸ್ಥಿತಿಯಲ್ಲಿ ಏನಾಯಿತು ಗೊತ್ತಲ್ಲ. ನೀನು ಧರಣಿ ವರದಿಗೆ ಹೋಗುವ ಫ್ರೀಡಂ ಪಾರ್ಕ್ ಆಗ ಸೆಂಟ್ರಲ್ ಜೈಲು. ಜೂನ್ 26ರಂದು ವಾಜಪೇಯಿ, ಅಡ್ವಾಣಿ ಅವರನ್ನು ಹಿಡಿದದ್ದು ಇದೇ ಬೆಂಗಳೂರಿನಲ್ಲಿ, ಆದರೆ ಊರಿನೊಳಗೇ ನಡೆದ ಆ ಸುದ್ದಿಯೂ ಸೆನ್ಸಾರ್ ಕಣ್ಣು ದಾಟಿ ಬರಬೇಕಿತ್ತು.

ನಿನಗೆ ಜಾಸ್ತಿ ಉಪಯೋಗಕ್ಕೆ ಬರುವುದು 1994ರ ರಾಜಗೋಪಾಲ್ ತೀರ್ಪು. ತಮಿಳಿನ ಪತ್ರಿಕೆಯೊಂದು ಗಲ್ಲುಶಿಕ್ಷೆಗೆ ಗುರಿಯಾದ ಕೈದಿಯ ಆತ್ಮಕತೆ ಹಾಕಲು ಹೊರಟಾಗ, ಅಧಿಕಾರಿಗಳ ಹೆಸರೂ ಅದರಲ್ಲಿ ಇದ್ದಿದ್ದರಿಂದ, ಪ್ರಕಟಿಸಬೇಡಿ ಅಂತ ಜೈಲು ಇಲಾಖೆಯಿಂದ ಪತ್ರ ಬಂತು. ಕೋರ್ಟ್ ಏನಂತು? ಮಾನ ಹೋಗಬಹುದು ಅನ್ನುವ ಭಯಕ್ಕೆ ಮುಂಚೆಯೇ ತಡೆಯಲು ಸರ್ಕಾರಕ್ಕಾಗಲಿ ಅಧಿಕಾರಿಗಳಿಗಾಗಲಿ ಅಧಿಕಾರವಿಲ್ಲ, ಏನಿದ್ದರೂ ಪ್ರಕಟವಾದ ಮೇಲೆ. ಇನ್ನೂ ಒಂದು ಮಾತಿದೆ. ಅಧಿಕಾರಿಯ ಕೆಲಸದ ಬಗ್ಗೆ ಬರೆದಾಗ, ಸಾಕಷ್ಟು ಪರಿಶೀಲಿಸಿಯೇ ಬರೆದೆ ಅಂತ ತೋರಿಸಿದರೆ ಬಚಾವಾಗಲು ದಾರಿ ಇದೆ.

ಅದಕ್ಕೇ ಹೇಳಿದ್ದು, ಪ್ರಶ್ನೆ ಕಳಿಸು. ಸರ್ವೆ ನಂಬರ್ ಹಾಕಿ, ನಾಲ್ಕೈದು ನೇರ ಪ್ರಶ್ನೆ, ಉತ್ತರಕ್ಕೆ ಎರಡು ದಿನ ಟೈಮ್, ಮೇಲ್‌ನಲ್ಲೇ. ಫೋನಿನಲ್ಲಿ ಕೇಳಿದರೆ ನಾಳೆ ಸಾಕ್ಷಿ ಇರಲ್ಲ. ಅವರು ಹೇಳಿದ್ದನ್ನು ಮರ್ಯಾದೆಯಿಂದ ಹಾಕು. ತಪ್ಪು ತೋರಿಸಿದರೆ ತಿದ್ದಿಕೋ, ಅದರಲ್ಲಿ ಅವಮಾನ ಏನಿದೆ?

ಅಧಿಕಾರಿಗಿಂತ ನನಗೆ ಭಯ ಇರುವುದು ಬಿಲ್ಡರ್ ಬಗ್ಗೆ. ಈಗ ಸೆನ್ಸಾರ್ ಆಫೀಸರ್ ಬೇಕಾಗಿಲ್ಲ, ಸಿವಿಲ್ ಕೋರ್ಟ್‌ಗೆ ಹೋಗಿ ನಿನ್ನ ಮಾತು ಕೇಳುವ ಮೊದಲೇ ತಡೆಯಾಜ್ಞೆ ತರುತ್ತಾರೆ. 2021ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಆರು ಮಂದಿ ಸಚಿವರು ಬೆಂಗಳೂರಿನ ಕೋರ್ಟ್‌ನಿಂದ 60ಕ್ಕೂ ಹೆಚ್ಚು ಮಾಧ್ಯಮಗಳ ಮೇಲೆ ಹಾಗೆ ತಂದಿದ್ದರು. 2024ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮುಂಚೆ ಇಂಥ ಆದೇಶ ತೀರಾ ಅಪರೂಪಕ್ಕೆ ಮಾತ್ರ ಕೊಡಬೇಕು ಅಂದಿದೆ. ಆದರೂ ಕೆಳಗಿನ ಕೋರ್ಟ್‌ಗಳಲ್ಲಿ ಸಿಕ್ಕೇಬಿಡುತ್ತದೆ ಅಲ್ವಾ? ನಿಮ್ಮ ಪತ್ರಿಕೆಯ ವಕೀಲರಿಗೆ ಹೇಳಿ ಕೇವಿಯಟ್ ಹಾಕಿಸು, ಅಂದರೆ ನಮಗೆ ತಿಳಿಸದೆ ಆದೇಶ ಕೊಡಬೇಡಿ ಅಂತ ಕೋರ್ಟ್‌ಗೆ ಮೊದಲೇ ಕೊಡುವ ಅರ್ಜಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) 148ಎ, 90 ದಿನ ನಡೆಯುತ್ತದೆ. ನಿನಗೆ ತಿಳಿಸದೆ ಆದೇಶ ಆಗುವುದು ಕಷ್ಟವಾಗುತ್ತದೆ.

ಒಳ್ಳೇ ಮನುಷ್ಯರು, ಬೇಜಾರಾಗ್ತಾರೆ ಅಂತ ಬರೆದಿದ್ದೀಯ. ಆಗಲಿ ಬಿಡು. ಅವರ ಕಾಫಿ ಕುಡಿ, ಕಾಪಿ ಮಾತ್ರ ಬ್ಯಾಗಿನಲ್ಲೇ ಇರಲಿ.

ಅಂದಹಾಗೆ, ಆ ಕೆರೆಯ ಸರ್ವೆ ನಕ್ಷೆ ನಿನ್ನ ಹತ್ತಿರ ಇರುವುದು ಮೊಬೈಲ್ ಫೋಟೊನಾ, ದೃಢೀಕೃತ ಪ್ರತಿನಾ? ಫೋಟೊ ಆದರೆ ಇವತ್ತೇ ಅರ್ಜಿ ಹಾಕು. ಪ್ರತಿ ಕೈಗೆ ಬಂದ ಮೇಲೆ ಫೋನ್ ಮಾಡು.