ಜೇಕ್ಸ್ ಮೊಕಾಯ್ ಅವರಿಗೆ, ನಮ್ಮ ತಂಡಕ್ಕೆ, ನಿಮ್ಮೆಲ್ಲರಿಗೆ

ಕಳೆದ ಭಾನುವಾರ ಮತ್ತೆ ಬಣ್ಣ ಹಚ್ಚಿದೆ. ಬೆನ್ನಿನ ಆಪರೇಷನ್ ಆದ ಮೇಲೆ ಇದೇ ಮೊದಲ ನಾಟಕ. ಪಾತ್ರ ದೊಡ್ಡದೇನಲ್ಲ. ಜಗಲಿಯ ಮೇಲೆ ಕೂತ ಒಬ್ಬ ಮುದುಕ. ಮಾತು ಕಡಿಮೆ, ಕೂತಿರುವುದೇ ಜಾಸ್ತಿ. ಆದರೂ ಪರದೆ ಬಿದ್ದ ಮೇಲೆ ಎಷ್ಟೊಂದು ಜನ ಒಳಗೆ ಬಂದು ಕೈ ಹಿಡಿದುಕೊಂಡರು. ಗಂಟಲು ಕಟ್ಟಿಹೋಗಿತ್ತು. ಯಾರಿಗೂ ಸರಿಯಾಗಿ ಒಂದು ಮಾತು ಹೇಳಲಾಗಲಿಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನಮ್ಮ ತಂಡದ ಹುಡುಗರಿಗೆ. ಆಸ್ಪತ್ರೆಯಲ್ಲಿ ರಾತ್ರಿ ಮಲಗಲು ಪಾಳಿ ಹಾಕಿಕೊಂಡು ಬಂದಿರಿ. ಮನೆಗೆ ಬಂದ ಮೇಲೂ ವಾರವಾರ ಬಂದು, ತಾಲೀಮಿನಲ್ಲಿ ಏನಾಯಿತು, ಯಾರು ಮಾತು ಮರೆತರು, ಎಲ್ಲಾ ಹೇಳಿ ಹೋದಿರಿ. ನಾನು ತಂಡದ ಹೊರಗಿದ್ದೇನೆ ಅಂತ ಒಂದು ದಿನವೂ ಅನ್ನಿಸಲಿಲ್ಲ. ಫಿಸಿಯೋಥೆರಪಿ ಮಾಡಿಸಿದ ಆ ಹುಡುಗಿಗೆ: ನೆಲದಿಂದ ಏಳುವುದು ಹೇಗೆ ಅಂತ ನನಗೆ ಎರಡನೇ ಸಲ ಕಲಿಸಿದ್ದು ನೀನಮ್ಮಾ. ನನ್ನ ಹೆಂಡತಿಗೆ ಇಲ್ಲಿ ಏನು ಬರೆದರೂ ಸಾಲದು, ಮನೆಯಲ್ಲೇ ಹೇಳುತ್ತೇನೆ. ಮತ್ತೆ ನಮ್ಮ ಮೇಷ್ಟ್ರಿಗೆ. ನಿಂತು ನಟಿಸಲು ಆಗದವನಿಗೆ ಕೂತು ನಟಿಸುವ ಪಾತ್ರ ಹುಡುಕಿಕೊಟ್ಟಿದ್ದು ಮಾತ್ರವಲ್ಲ ಮೇಷ್ಟ್ರೇ, ನಾನು ಹಾಸಿಗೆ ಹಿಡಿದಿದ್ದಾಗ ದಕ್ಷಿಣ ಆಫ್ರಿಕಾದ ನಾಟಕಕಾರ ಅಥೊಲ್ ಫುಗಾರ್ಡ್ ನಾಟಕಗಳ ಪುಸ್ತಕ ತಂದು ದಿಂಬಿನ ಪಕ್ಕ ಇಟ್ಟು ಹೋದಿರಲ್ಲ, ಅದಕ್ಕೆ ವಿಶೇಷ ಧನ್ಯವಾದ.

ಯಾಕೆಂದರೆ ಆ ಪುಸ್ತಕದಿಂದಲೇ ನನಗೆ ಜೇಕ್ಸ್ ಮೊಕಾಯ್ ಎಂಬ ದಕ್ಷಿಣ ಆಫ್ರಿಕಾದ ಕಪ್ಪು ನಟ ಸಿಕ್ಕರು. ನಾನು ಇನ್ನೊಂದು ದೊಡ್ಡ ಧನ್ಯವಾದ ಹೇಳಬೇಕಾಗಿರುವುದು ಅವರಿಗೆ. ಅವರು 2009ರ ಸೆಪ್ಟೆಂಬರ್ 11ರಂದು ಅಮೆರಿಕದ ಲಾಸ್ ವೇಗಸ್‌ನಲ್ಲಿ ತೀರಿಕೊಂಡರು. ಆಗ 75 ವರ್ಷ. ನಮ್ಮಲ್ಲಿ ಹೆಚ್ಚು ಜನಕ್ಕೆ ಅವರ ಹೆಸರು ಗೊತ್ತಿರಲಿಕ್ಕಿಲ್ಲ. ಮುಖ ಮಾತ್ರ ಎಲ್ಲೋ ನೋಡಿದ ಹಾಗಿರುತ್ತದೆ. ಪೋಷಕ ನಟರ ಪಾಡೇ ಅದು. ಹಾಗಾಗಿ ಅವರ ವಿಷಯ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಓದಿ.

ಹುಟ್ಟಿದ್ದು 1934ರ ಆಗಸ್ಟ್ 5ರಂದು, ಜೊಹಾನ್ಸ್‌ಬರ್ಗ್‌ನಲ್ಲಿ. ಮೊದಲು ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. 1950ರ ದಶಕದ ಕೊನೆಯಲ್ಲಿ ಫುಗಾರ್ಡ್ ಎಂಬ ಬಿಳಿಯ ಯುವಕನ ಪರಿಚಯವಾಯಿತು. ಆತ ಆಗಿನ್ನೂ ನಾಟಕ ಬರೆಯಲು ಶುರು ಮಾಡಿದ್ದ. 1958ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಆಡಿದ ಆತನ ‘ನೋ-ಗುಡ್ ಫ್ರೈಡೇ’ ನಾಟಕದಲ್ಲಿ ಮೊಕಾಯ್ ಇದ್ದರು. ಅಲ್ಲಿಂದ ಶುರುವಾದ ಸ್ನೇಹ ಕೊನೆತನಕ ಉಳಿಯಿತು.

ಆಮೇಲೆ ಬಂತು ‘ದಿ ಬ್ಲಡ್ ನಾಟ್’. 1961ರ ಸೆಪ್ಟೆಂಬರ್. ಶಾರ್ಪ್‌ವಿಲ್‌ನಲ್ಲಿ ಕಪ್ಪು ಜನ ಸದಾ ಗುರುತಿನ ಪಾಸ್ ಇಟ್ಟುಕೊಂಡೇ ತಿರುಗಬೇಕೆಂಬ ಕಾನೂನಿನ ವಿರುದ್ಧ ನಿಂತಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಜನ ಸತ್ತು ಒಂದೂವರೆ ವರ್ಷವಾಗಿತ್ತು ಅಷ್ಟೇ. ಜೊಹಾನ್ಸ್‌ಬರ್ಗ್‌ನ ಎಲಾಫ್ ಬೀದಿಯಲ್ಲಿ ಡೋರ್ಕೆ ಹೌಸ್ ಅಂತ ಒಂದು ಕಟ್ಟಡ. ಮೊದಲು ಬಟ್ಟೆ ಹೊಲಿಯುವ ಕಾರ್ಖಾನೆಯಾಗಿತ್ತು. ಅದರ ತಾಲೀಮು ಕೋಣೆಯಲ್ಲಿ ಇಬ್ಬರೇ ನಟರು. ಒಬ್ಬ ಫುಗಾರ್ಡ್, ಇನ್ನೊಬ್ಬ ಮೊಕಾಯ್. ಪಾತ್ರಗಳು ಅಣ್ಣ ತಮ್ಮ. ಒಂದೇ ತಾಯಿಯ ಮಕ್ಕಳು. ಒಬ್ಬನ ಚರ್ಮ ಬಿಳಿಯರ ನಡುವೆ ನುಸುಳಿಹೋಗುವಷ್ಟು ತೆಳು ಬಣ್ಣ. ಇನ್ನೊಬ್ಬ ಕಪ್ಪು. ಚರ್ಮದ ಬಣ್ಣ ನೋಡಿ ಮನೆ, ಶಾಲೆ, ಬೆಂಚು, ಬಸ್ಸು ಎಲ್ಲವನ್ನೂ ಬೇರೆ ಮಾಡಿದ್ದ ದೇಶದಲ್ಲಿ ಒಬ್ಬ ಬಿಳಿಯ, ಒಬ್ಬ ಕಪ್ಪು ನಟ ಒಂದೇ ಸೂರಿನ ಕೆಳಗೆ ಅಣ್ಣತಮ್ಮಂದಿರಾಗಿ ನಿಂತರು. ಆ ಧೈರ್ಯ ಎಂಥದ್ದು ನೋಡಿ!

ನಾಟಕ ಶುರುವಾಗುವುದು ಹೇಗೆ ಗೊತ್ತಾ? ಪೋರ್ಟ್ ಎಲಿಜಬೆತ್ ಹತ್ತಿರದ ಕೋರ್ಸ್ಟನ್‌ನಲ್ಲಿ ಒಂದು ತಗಡಿನ ಗುಡಿಸಲು. ಅಲಾರಂ ಹೊಡೆಯುತ್ತದೆ. ತೆಳು ಬಣ್ಣದ ಮೋರಿಸ್ ಎದ್ದು ನೀರು ಕಾಯಿಸುತ್ತಾನೆ, ಬೇಸಿನ್ನಿಗೆ ಸುರಿಯುತ್ತಾನೆ, ಕಾಲುನೋವಿಗೆ ಅಂತ ಉಪ್ಪು ಹಾಕುತ್ತಾನೆ. ಅಷ್ಟರಲ್ಲಿ ಜಕರಾಯ ಕೆಲಸ ಮುಗಿಸಿ ಬರುತ್ತಾನೆ. ಬಿಳಿಯರ ಪಾರ್ಕಿನ ಗೇಟಿನಲ್ಲಿ ದಿನವಿಡೀ ನಿಂತು, ಕಪ್ಪು ಮಕ್ಕಳು ಒಳಗೆ ಬಾರದಂತೆ ಕಾಯುವುದು ಅವನ ಕೆಲಸ. ಬೂಟು ಬಿಚ್ಚಿ ಪಾದ ನೀರಿಗೆ ಇಳಿಸುತ್ತಾನೆ. ಭಾಷಣವಿಲ್ಲ, ಘೋಷಣೆಯಿಲ್ಲ. ಊದಿಕೊಂಡ ಎರಡು ಪಾದ, ಬಿಸಿನೀರು. ಅಷ್ಟರಲ್ಲೇ ಇಡೀ ವ್ಯವಸ್ಥೆ ಕಣ್ಣಮುಂದೆ ಬಂದುಬಿಡುತ್ತದೆ. ಆ ಜಕರಾಯ ಮೊಕಾಯ್.

ಆ ಪುಟ ಓದಿದಾಗ ನನ್ನ ಕಾಲು ಮರಗಟ್ಟಿತ್ತು. ಆಪರೇಷನ್ ಆದ ಮೇಲೆ ಎಡಪಾದದಲ್ಲಿ ಎಷ್ಟೋ ದಿನ ಬಿಸಿ ತಣ್ಣಗೆ ಗೊತ್ತಾಗುತ್ತಿರಲಿಲ್ಲ. ಆ ದೃಶ್ಯವನ್ನು ನಾನು ಮತ್ತೆ ಮತ್ತೆ ಓದಿದೆ. ಕಾಲು ಚಾಚಿ ಕೂತುಕೊಳ್ಳುವುದೂ ಒಂದು ಅಭಿನಯ, ಅದಕ್ಕೂ ಒಬ್ಬ ಒಳ್ಳೆಯ ನಟ ಬೇಕು ಅಂತ ಆಗ ಮನಸ್ಸಿಗೆ ಬಂತು.

ಆ ನಾಟಕ ತೆಗೆದುಕೊಂಡು ಆರು ತಿಂಗಳು ದೇಶ ಸುತ್ತಿದರು. ರೈಲಿನಲ್ಲಿ ಫುಗಾರ್ಡ್‌ಗೆ ಮೊದಲ ದರ್ಜೆ, ಮೊಕಾಯ್‌ಗೆ ಮೂರನೇ ದರ್ಜೆ. ಕಾನೂನೇ ಹಾಗಿತ್ತು. ಸಂಜೆ ರಂಗದ ಮೇಲೆ ಒಂದೇ ಗುಡಿಸಲಿನಲ್ಲಿ ಇರುತ್ತಿದ್ದ ಇಬ್ಬರು, ಆಟ ಮುಗಿದ ಮೇಲೆ ಒಂದೇ ಹೋಟೆಲಿನಲ್ಲಿ ಮಲಗುವಂತಿರಲಿಲ್ಲ. ದಿನಾ ಆ ಅವಮಾನ ನುಂಗಿಕೊಂಡು ಮರುದಿನ ಸಂಜೆ ಮತ್ತೆ ಬಿಸಿನೀರಿಗೆ ಕಾಲಿಡಬೇಕು. ನಮ್ಮ ತಂಡವೂ ಊರೂರು ತಿರುಗುತ್ತದೆ. ರಾತ್ರಿ ಒಂದೇ ವ್ಯಾನಿನಲ್ಲಿ ಒಬ್ಬರ ಭುಜದ ಮೇಲೆ ಒಬ್ಬರು ತೂಕಡಿಸುತ್ತಾ ಬರುತ್ತೇವೆ. ಅದು ಎಷ್ಟು ದೊಡ್ಡ ಭಾಗ್ಯ ಅಂತ ಈಗ ಗೊತ್ತಾಗಿದೆ.

1963ರಲ್ಲಿ ನಾಟಕ ಲಂಡನ್ನಿಗೆ ಹೋಯಿತು. ಮೊಕಾಯ್ ಕೂಡ ಹೋದರು. ಆಮೇಲೆ ಬಾಳಿನ ಬಹುಭಾಗ ದೇಶದ ಹೊರಗೇ ಕಳೆಯಿತು. ಇತ್ತ ದಕ್ಷಿಣ ಆಫ್ರಿಕಾದಲ್ಲಿ 1965ರಲ್ಲಿ ಬಿಳಿಯರು, ಕಪ್ಪು ಜನ ಒಟ್ಟಿಗೆ ನಟಿಸುವುದನ್ನೂ ಒಟ್ಟಿಗೆ ಕೂತು ನಾಟಕ ನೋಡುವುದನ್ನೂ ಸರ್ಕಾರ ತಡೆಯಿತು. 1967ರಲ್ಲಿ ಬಿಬಿಸಿ ‘ಬ್ಲಡ್ ನಾಟ್’ ಪ್ರಸಾರ ಮಾಡಿತು, ಅದಾದ ಮೇಲೆ ಫುಗಾರ್ಡ್ ಪಾಸ್‌ಪೋರ್ಟ್ ಕಿತ್ತುಕೊಂಡರು. ಒಬ್ಬ ಹೊರಗೆ ಹೋಗುವಂತಿಲ್ಲ, ಇನ್ನೊಬ್ಬನಿಗೆ ಊರೇ ದೂರವಾಗಿಹೋಗಿದೆ.

ನ್ಯೂಯಾರ್ಕ್‌ನಲ್ಲಿ 1964ರಲ್ಲಿ ಇದೇ ನಾಟಕ ಆಡಿದಾಗ ಜಕರಾಯನ ಪಾತ್ರ ಮಾಡಿದ್ದು ಜೇಮ್ಸ್ ಅರ್ಲ್ ಜೋನ್ಸ್. ‘ಲಯನ್ ಕಿಂಗ್’ ನೋಡಿದ ಮಕ್ಕಳಿಗೆ ಮುಫಾಸಾನ ದನಿ ನೆನಪಿರುತ್ತದಲ್ಲ, ಅವರೇ. ಆರು ವರ್ಷದ ನಂತರ, 1970ರಲ್ಲಿ, ಫುಗಾರ್ಡ್ ಅವರ ‘ಬೋಸ್ಮನ್ ಅಂಡ್ ಲೀನಾ’ ನ್ಯೂಯಾರ್ಕ್‌ಗೆ ಬಂತು. ಬೋಸ್ಮನ್ ಆಗಿ ಜೋನ್ಸ್, ಲೀನಾ ಆಗಿ ರೂಬಿ ಡೀ. ಮೊಕಾಯ್‌ಗೆ ಮೂರನೇ ಪಾತ್ರ. ಹೆಸರೂ ಇಲ್ಲದ ಒಬ್ಬ ಆಫ್ರಿಕನ್ ಮುದುಕ.

ಈ ಮುದುಕನ ಬಗ್ಗೆ ನಾನು ನಿಲ್ಲಿಸಿ ಹೇಳಲೇಬೇಕು. ಬೋಸ್ಮನ್, ಲೀನಾ ಇದ್ದ ಗುಡಿಸಲನ್ನು ಬೆಳಿಗ್ಗೆ ಬುಲ್ಡೋಜರ್ ಕೆಡವಿದೆ. ಗಂಟುಮೂಟೆ ಹೊತ್ತು ಸ್ವಾರ್ಟ್‌ಕಾಪ್ಸ್ ನದಿಯ ಕೆಸರು ಬಯಲಿಗೆ ಬರುತ್ತಾರೆ. ಕತ್ತಲಿನಿಂದ ಮುದುಕ ಬರುತ್ತಾನೆ. ಅವನ ಮಾತು ಲೀನಾಗೆ ಅರ್ಥವಾಗುವುದಿಲ್ಲ. ಬೋಸ್ಮನ್ ಓಡಿಸಲು ನೋಡುತ್ತಾನೆ. ಲೀನಾ ಬಿಡುವುದಿಲ್ಲ. ತನ್ನ ಪಾಲಿನ ವೈನ್ ಬಿಟ್ಟುಕೊಟ್ಟು ಅವನನ್ನು ಬೆಂಕಿಯ ಹತ್ತಿರ ಉಳಿಸಿಕೊಳ್ಳುತ್ತಾಳೆ. ಒಂದೇ ಮಗ್ಗಿನಲ್ಲಿ ಚಹಾ, ಒಂದೇ ತುಂಡು ಬ್ರೆಡ್. ತನ್ನ ಮೈಮೇಲಿನ ಗಾಯ ತೋರಿಸುತ್ತಾಳೆ, ಬದುಕೆಲ್ಲಾ ಹೇಳಿಕೊಳ್ಳುತ್ತಾಳೆ. ಅವಳಿಗೆ ಬೇಕಾಗಿರುವುದು ಉತ್ತರವಲ್ಲ. ತನ್ನನ್ನು ನೋಡುವ ಒಂದು ಜೊತೆ ಕಣ್ಣು, ಅಷ್ಟೇ. ಮುದುಕ ಅವಳ ಹೆಸರೊಂದನ್ನು ಹೇಳಲು ಕಲಿಯುತ್ತಾನೆ. ಬೆಳಗಾಗುವ ಮೊದಲೇ ಸತ್ತುಹೋಗುತ್ತಾನೆ.

ಆ ಪ್ರದರ್ಶನ ನಾನು ನೋಡಿಲ್ಲ, ನೋಡುವ ದಾರಿಯೂ ಇಲ್ಲ. ಆದರೆ ಜಗಲಿಯ ಮುದುಕನ ಪಾತ್ರ ಕೈಗೆ ಬಂದಾಗ ನಾನು ಹಿಡಿದುಕೊಂಡಿದ್ದು ಇವನನ್ನೇ. ಸುಮ್ನೆ ಕೂತಿರುವ ಪಾತ್ರದಲ್ಲಿ ಏನು ಮಾಡೋದು ಅಂತ ಎಲ್ಲಾ ನಟರೂ ಕೇಳುತ್ತಾರೆ. ಕೇಳಿಸಿಕೊಳ್ಳಬೇಕು. ಎದುರಿಗಿರುವವಳ ಮಾತು ಇದೇ ಮೊದಲ ಸಲ ಕಿವಿಗೆ ಬೀಳುತ್ತಿದೆ ಅನ್ನುವಂತೆ ಕೇಳಿಸಿಕೊಳ್ಳಬೇಕು. ಭಾನುವಾರ ನಮ್ಮ ನಾಯಕಿ ನನ್ನೆದುರು ಕೂತು ಆ ಉದ್ದನೆಯ ಮಾತು ಹೇಳುವಾಗ ನಾನು ಮಾಡಿದ್ದು ಅದೊಂದನ್ನೇ. ಆಟವಾದ ಮೇಲೆ ಅವಳು, ‘ಅಣ್ಣಾ, ನೀವು ನೋಡ್ತಾ ಇದ್ರಿ ಅಂತ ನಂಗೆ ಮಾತು ತಾನಾಗೇ ಬಂತು’ ಅಂದಳು. ತಾಯಿ, ನಿನಗೂ ಧನ್ಯವಾದ. ಆ ಮಾತಿಗಿಂತ ದೊಡ್ಡ ಸನ್ಮಾನ ನನಗೆ ಬೇಡ.

ಮೊಕಾಯ್‌ಗೆ ದೊಡ್ಡ ಮನ್ನಣೆ ಸಿಕ್ಕಿದ್ದು 1982ರಲ್ಲಿ. ‘ಮಾಸ್ಟರ್ ಹೆರಾಲ್ಡ್ ಅಂಡ್ ದ ಬಾಯ್ಸ್’ ಅನ್ನುವ ಫುಗಾರ್ಡ್ ನಾಟಕ ಮೊದಲ ಪ್ರದರ್ಶನ ಕಂಡಿದ್ದು ದಕ್ಷಿಣ ಆಫ್ರಿಕಾದ ಹೊರಗೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಂಗಮಂದಿರದಲ್ಲಿ ಶುರುವಾಗಿ, ನ್ಯೂಯಾರ್ಕ್‌ನ ದೊಡ್ಡ ನಾಟಕಶಾಲೆಗಳಿರುವ ಬ್ರಾಡ್‌ವೇಗೆ ಬಂತು. 1950ರ ಪೋರ್ಟ್ ಎಲಿಜಬೆತ್, ಸೇಂಟ್ ಜಾರ್ಜಸ್ ಪಾರ್ಕಿನ ಟೀ ಅಂಗಡಿ, ಮಳೆ ಸುರಿಯುವ ಮಧ್ಯಾಹ್ನ. ಸ್ಯಾಮ್, ವಿಲ್ಲಿ ಅಂತ ಇಬ್ಬರು ಕಪ್ಪು ಮಾಣಿಗಳು. ಯಜಮಾನಿಯ ಮಗ ಹ್ಯಾಲಿ, ಹದಿನೇಳರ ಹುಡುಗ. ಸ್ಯಾಮ್ ಆಗಿ ಮೊಕಾಯ್, ವಿಲ್ಲಿ ಆಗಿ ಡ್ಯಾನಿ ಗ್ಲೋವರ್.

ಹ್ಯಾಲಿಗೆ ಅಪ್ಪ ಇದ್ದೂ ಇಲ್ಲದ ಹಾಗೆ. ಕುಡುಕ. ಬೆಳೆಸಿದ್ದು ಸ್ಯಾಮ್. ಒಮ್ಮೆ ಕುಡಿದು ಬಿದ್ದ ಅಪ್ಪನನ್ನು ಸ್ಯಾಮ್ ಬೆನ್ನ ಮೇಲೆ ಹೊತ್ತು ಮನೆಗೆ ತಂದ. ಹುಡುಗ ನಾಚಿಕೆಯಿಂದ ತಲೆ ತಗ್ಗಿಸಿದ್ದು ನೋಡಿ ಅವನಿಗೊಂದು ಗಾಳಿಪಟ ಮಾಡಿಕೊಟ್ಟ. ಟೊಮೆಟೊ ಪೆಟ್ಟಿಗೆಯ ಕಡ್ಡಿ, ಕಂದು ಕಾಗದ, ಹಿಟ್ಟಿನ ಅಂಟು, ಹುಡುಗನ ತಾಯಿಯ ಹಳೇ ಕಾಲುಚೀಲದ ಬಾಲ. ಪಟ ಮೇಲೇರಿದ ಮೇಲೆ ದಾರವನ್ನು ಬೆಂಚಿಗೆ ಕಟ್ಟಿ ಸ್ಯಾಮ್ ಹೊರಟುಹೋದ. ಆ ಬೆಂಚು ಬಿಳಿಯರಿಗೆ ಮಾತ್ರ. ಅವನು ಕೂರುವಂತಿರಲಿಲ್ಲ. ಹುಡುಗನಿಗೆ ಅದು ಗೊತ್ತಾಗುವುದು ವರ್ಷಗಳ ನಂತರ, ಅದೂ ಅದೇ ಸ್ಯಾಮ್‌ನ ಮುಖಕ್ಕೆ ಉಗುಳಿದ ಮೇಲೆ.

ಉಗುಳಿದಾಗ ಸ್ಯಾಮ್ ಹೊಡೆಯಲು ಮುಂದೆ ಬರುತ್ತಾನೆ, ವಿಲ್ಲಿ ತಡೆಯುತ್ತಾನೆ. ಸ್ಯಾಮ್ ಕರ್ಚೀಫ್ ತೆಗೆದು ಮುಖ ಒರೆಸಿಕೊಳ್ಳುತ್ತಾನೆ. ಇದು ಫುಗಾರ್ಡ್ ಹುಡುಗನಾಗಿದ್ದಾಗ ತಾನೇ ಮಾಡಿದ್ದು, ಬಾಳಿಡೀ ಮರೆಯಲಾಗದೆ ನಾಟಕ ಮಾಡಿದ್ದು. ಈ ಸ್ಯಾಮ್ ಪಾತ್ರಕ್ಕೆ ಮೊಕಾಯ್‌ಗೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಟೋನಿ ಬಂತು. ‘ಬ್ಲಡ್ ನಾಟ್’ ಕಾಲದಲ್ಲಿ ಮೂರನೇ ದರ್ಜೆಯಲ್ಲಿ ಓಡಾಡಿದ ಗೆಳೆಯನ ಮುಂದೆ ಫುಗಾರ್ಡ್ ತನ್ನ ಬಾಳಿನ ಅತಿ ನೋವಿನ ಗಳಿಗೆಯನ್ನು ಇಟ್ಟರು. ಗೆಳೆಯ ಅದನ್ನು ಹೊತ್ತರು. ಇದಕ್ಕಿಂತ ದೊಡ್ಡ ನಂಬಿಕೆ ನಾಟಕದವರ ನಡುವೆ ಇದೆಯಾ?

1985ರ ಟಿ.ವಿ. ಚಿತ್ರದಲ್ಲೂ ಸ್ಯಾಮ್ ಅವರೇ, ವಿಲ್ಲಿ ಆಗಿ ಜಾನ್ ಕಾನಿ. ಅದೇ ವರ್ಷ ಫುಗಾರ್ಡ್, ಮೊಕಾಯ್ ಇಬ್ಬರೂ ಐವತ್ತು ದಾಟಿದವರು, ಮತ್ತೆ ‘ಬ್ಲಡ್ ನಾಟ್’ ಆಡಿದರು. ಈ ಸಲ ಬ್ರಾಡ್‌ವೇನಲ್ಲಿ. ಅದೇ ಬೇಸಿನ್, ಅದೇ ಬಿಸಿನೀರು. ಆಗಲೂ ಅವರ ದೇಶದಲ್ಲಿ ಮಂಡೇಲಾ ಜೈಲಿನಲ್ಲೇ ಇದ್ದರು.

ಸಿನಿಮಾಗಳು ಬೇಕಾದಷ್ಟಿವೆ. ವರ್ಣಭೇದದ ವಿರುದ್ಧ ಹೋರಾಡಿದ ಸ್ಟೀವ್ ಬೀಕೊ ಕತೆಯ ‘ಕ್ರೈ ಫ್ರೀಡಮ್’ನಲ್ಲಿ ಪಾದ್ರಿ. ‘ದ ಸರ್ಪೆಂಟ್ ಅಂಡ್ ದ ರೇನ್‌ಬೋ’ದಲ್ಲಿ ಮೈ ನಡುಗಿಸುವ ಪೊಲೀಸ್ ಅಧಿಕಾರಿ. ‘ಔಟ್‌ಬ್ರೇಕ್’, ‘ವಾಟರ್‌ವರ್ಲ್ಡ್’ನಲ್ಲಿ ಚಿಕ್ಕ ಪಾತ್ರಗಳು. ‘ದ ವೆಸ್ಟ್ ವಿಂಗ್’ ಎಂಬ ಟಿ.ವಿ. ಧಾರಾವಾಹಿಯಲ್ಲಿ ತನ್ನ ಜನರಿಗೆ ಏಡ್ಸ್ ಔಷಧಿ ಕೇಳಿಕೊಂಡು ಬರುವ, ಆಫ್ರಿಕಾದ ಒಂದು ದೇಶದ ಅಧ್ಯಕ್ಷ. ಇವುಗಳಲ್ಲಿ ಒಂದನ್ನೇ ನೋಡುವುದಾದರೆ 1989ರ ‘ಎ ಡ್ರೈ ವೈಟ್ ಸೀಸನ್’ ನೋಡಿ. ಡೊನಾಲ್ಡ್ ಸದರ್‌ಲ್ಯಾಂಡ್, ಮಾರ್ಲನ್ ಬ್ರಾಂಡೊ ಇರುವ ಚಿತ್ರ. ಅದರಲ್ಲಿ ಮೊಕಾಯ್ ಸ್ಟ್ಯಾನ್ಲಿ ಎಂಬ ಟ್ಯಾಕ್ಸಿ ಡ್ರೈವರ್. ಏನೂ ಗೊತ್ತಿಲ್ಲದ ಬಿಳಿಯ ಮೇಷ್ಟರಿಗೆ ತನ್ನ ದೇಶ ಏನು ಅಂತ ತೋರಿಸುವವನು. ಬ್ರಾಂಡೊ ಹೆಸರು ಹೇಳಿ ಚಿತ್ರ ನೋಡಲು ಕೂತೆ. ನನ್ನ ಕಣ್ಣು ಹೋಗಿದ್ದು ಸ್ಟ್ಯಾನ್ಲಿ ಕಡೆಗೇ.

ನಾಯಕನ ಪಕ್ಕದಲ್ಲಿ ನಿಲ್ಲುವುದನ್ನು ಬಾಳಿಡೀ ಮಾಡಿದವನು ನಾನು. ತಂದೆ, ದಳವಾಯಿ, ಅಂಗಡಿಯವನು, ಊರ ಹಿರಿಯ. ಹಾಸಿಗೆಯಲ್ಲಿದ್ದಾಗ, ಇಷ್ಟಕ್ಕೇ ಮುಗಿಯಿತಾ ಅನ್ನುವ ಸಂಕಟ ರಾತ್ರಿಗಳಲ್ಲಿ ಬರುತ್ತಿತ್ತು. ಮೊಕಾಯ್ ಅವರೇ, ಆ ರಾತ್ರಿಗಳನ್ನು ದಾಟಿಸಿದ್ದು ನಿಮ್ಮ ಪಾತ್ರಗಳು. ಗೇಟು ಕಾಯುವವನು, ಮಾಣಿ, ಡ್ರೈವರ್, ಹೆಸರಿಲ್ಲದ ಮುದುಕ. ಇವರಲ್ಲಿ ಒಬ್ಬರನ್ನೂ ನೀವು ಚಿಕ್ಕವರು ಮಾಡಲಿಲ್ಲ. ನಿಮಗೆ ನನ್ನ ಮನಸಾರೆ ನಮಸ್ಕಾರ.

ಫುಗಾರ್ಡ್ ಕೂಡ 2025ರ ಮಾರ್ಚ್‌ನಲ್ಲಿ ಹೋದರು. ಅವರಿಗೂ ನಮಸ್ಕಾರ.

ಕೊನೆಗೊಂದು ಸುದ್ದಿ. ಮುಂದಿನ ತಿಂಗಳಿಂದ ಶನಿವಾರ ಸಂಜೆ ತಾಲೀಮು ಕೋಣೆಯಲ್ಲಿ ‘ಮಾಸ್ಟರ್ ಹೆರಾಲ್ಡ್’ ಓದೋಣ ಅಂತ ಮೇಷ್ಟ್ರು ಹೇಳಿದ್ದಾರೆ. ಪ್ರದರ್ಶನಕ್ಕಲ್ಲ, ನಾವೇ ಕೂತು ಓದಿ ಮಾತಾಡಲು. ಸ್ಯಾಮ್ ಭಾಗ ನಾನು ಓದುತ್ತೇನೆ. ಹ್ಯಾಲಿಗೆ ಕಾಲೇಜು ಓದುವ ಹುಡುಗ ಬೇಕು, ವಿಲ್ಲಿಗೆ ಕುಣಿಯಲು ಬರುವವರು ಬೇಕು. ಆಸಕ್ತಿ ಇದ್ದವರು ತಂಡದವರ ಹತ್ತಿರ ಹೆಸರು ಕೊಡಿ. ನನಗೆ ಬೆನ್ನಿಗೆ ಆಸರೆ ಇರುವ ಕುರ್ಚಿ ಒಂದು ಬೇಕು, ಅದನ್ನು ಹುಡುಗರು ಆಗಲೇ ತಂದಿಟ್ಟಿದ್ದಾರೆ.